ಎರವಲು ತಂದ ಪ್ರೇಕ್ಷಕರು

ಆಟದೊಳಕ್ಕೆ ರಾಜಕೀಯವನ್ನು ತರಬಾರದು ಎಂಬ ಮಾತು ನಮ್ಮ ನಾಗರಿಕರ ನಾಲಿಗೆಯ ಮೇಲೆ ಓಡಾಡಿ ಓಡಾಡಿ ಹಳೆಯ ಕಾಸಿನಂತೆ ನುಣುಪಾಗಿಬಿಟ್ಟಿದೆ; ಅದರ ಮೇಲಿನ ಮುದ್ರೆ ಯಾರದೆಂದು ಯಾರೂ ನೋಡುವುದಿಲ್ಲ. ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಈ ಮಾತು ಹೊರಡುವುದು ಬಹುಮಟ್ಟಿಗೆ ಟಿಕೇಟು ಕೊಂಡು ಒಳಗೆ ಕುಳಿತವನ ಬಾಯಿಂದ; ಗೇಟಿನ ಹೊರಗೆ ನಿಂತವನು ಅದನ್ನು ಆಡಿದ್ದನ್ನು ಕೇಳಿದವರು ಕಡಮೆ. ಹಾಗೆಂದ ಮಾತ್ರಕ್ಕೆ ಮಾತು ಪೂರ್ತಿ ಸುಳ್ಳೆಂದಾಗಲಿಲ್ಲ. ದಿನವೆಲ್ಲ ದುಡಿದು, ಸಂಜೆ ನಾಲ್ಕು ಗಳಿಗೆ ಆಟ ನೋಡಿ ಮನಸ್ಸನ್ನು ಹಗುರ ಮಾಡಿಕೊಳ್ಳಬೇಕೆಂಬವನ ಹಂಬಲ ಅಪರಾಧವೇನೂ ಅಲ್ಲ. ಆದರೆ ಅವನ ಮುಂದಿರುವ ಹಸುರಿಗೆ ನೀರು ಎಲ್ಲಿಂದ ಬಂತು, ಗೋಡೆಯಾಚೆ ಕೂಗುತ್ತಿರುವವನಿಗೆ ಕೂಗಲು ಬೇರೆ ಜಾಗ ಸಿಗಲಿಲ್ಲವೆ ಎಂಬ ಪ್ರಶ್ನೆಗಳನ್ನು ಯಾರಾದರೂ ಕೇಳಬೇಕು. ಪ್ರತಿಭಟನೆಯೂ ಒಂದು ಬಗೆಯ ಪ್ರದರ್ಶನವೇ. ಅದಕ್ಕೂ ರಂಗಸ್ಥಳವುಂಟು, ವೇಷವುಂಟು, ಮಾತುಂಟು, ಪ್ರೇಕ್ಷಕರುಂಟು. ನಾಟಕವನ್ನು ನೋಡಿ ಬಂದು ಔಚಿತ್ಯದ ಮಾತನ್ನೆತ್ತುವ ನಾವು ಇದನ್ನು ನೋಡಿ ಏಕೆ ಸುಮ್ಮನಿರಬೇಕು?

ಇಲ್ಲಿ ಎರಡು ಪುಸ್ತಕಗಳನ್ನೂ ಒಂದು ಘಟನೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕೆಂದಿದ್ದೇನೆ. ಪುಸ್ತಕಗಳಲ್ಲಿ ಒಂದು, ಟ್ರಿನಿಡಾಡಿನ ಸಿ. ಎಲ್. ಆರ್. ಜೇಮ್ಸ್ 1963ರಲ್ಲಿ ಪ್ರಕಟಿಸಿದ ‘ಬಿಯಾಂಡ್ ಎ ಬೌಂಡರಿ’. ಇನ್ನೊಂದು, ಬೆಂಗಳೂರಿನಲ್ಲೇ ನೆಲಸಿರುವ ರಾಮಚಂದ್ರ ಗುಹಾ ಅವರ ‘ಎ ಕಾರ್ನರ್ ಆಫ್ ಎ ಫಾರಿನ್ ಫೀಲ್ಡ್’. ಇದು ಬಂದದ್ದು 2002ರಲ್ಲಿ, ಎಂದರೆ ಕಾವೇರಿಗಾಗಿ ಮಂಡ್ಯದ ರಸ್ತೆಗಳು ಬಿಸಿಯೇರಿದ ವರ್ಷದಲ್ಲಿಯೇ. ಘಟನೆ 2018ರ ಏಪ್ರಿಲ್ 10ರದು. ಚೆನ್ನೈಯ ಚೆಪಾಕ್ ಕ್ರೀಡಾಂಗಣದ್ದು. ಆದರೆ ಇವನ್ನು ನೋಡಲು ನಾನು ಆರಿಸಿಕೊಂಡ ಸ್ಥಳ ಚೆನ್ನೈಯೂ ಅಲ್ಲ, ಬೆಂಗಳೂರೂ ಅಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ನಾಲ್ಕು ತಾಲ್ಲೂಕುಗಳು. ಅಂದಿನ ಗಲಾಟೆ ಯಾವ ನೀರಿಗಾಗಿ ಎದ್ದಿತೋ ಆ ನೀರನ್ನು ತಡೆದು ನಿಲ್ಲಿಸುವ ಕನ್ನಂಬಾಡಿ ಕಟ್ಟೆ ಇರುವುದು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ. ಅಲ್ಲಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆ (ಹಿರಿಯರ ಬಾಯಲ್ಲಿ ಅದು ಇರ್ವಿನ್ ನಾಲೆ) ಪಾಂಡವಪುರದ ಗದ್ದೆಯನ್ನೂ ಕಬ್ಬನ್ನೂ ಸಾಕುತ್ತದೆ. ಕೃಷ್ಣರಾಜಪೇಟೆಯ ಸೀಮೆಯನ್ನು ಹಾದು ಬರುವ ಹೇಮಾವತಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ನಾಗಮಂಗಲವೋ ಬಹುಪಾಲು ಮುಗಿಲನ್ನೇ ನೋಡಿಕೊಂಡಿರುವ ತಾಲ್ಲೂಕು. ಹೇಮಾವತಿಯ ಎಡದಂಡೆ ನಾಲೆ ಮುಟ್ಟಿದಷ್ಟು ಭಾಗಕ್ಕೆ ಮಾತ್ರ ಹೊಳೆಯ ಪರಿಚಯ. ಕ್ರಿಕೆಟ್ಟಿನ ಸುದ್ದಿಯನ್ನು ಓದಲು ಇದು ವಿಚಿತ್ರವಾದ ಜಾಗವೆಂದು ವಾಚಕರಿಗೆ ತೋರಬಹುದು. ಮುಂದೆ ನೋಡೋಣ.

ಗುಹಾ ಅವರ ಪುಸ್ತಕದ ಜೀವಾಳ ಪಲ್ವಂಕರ್ ಬಾಳೂ ಅವರ ಕಥೆ. ಧಾರವಾಡದಲ್ಲಿ ಹುಟ್ಟಿದ ಈ ಚಮ್ಮಾರ ಕುಲದ ಹುಡುಗ ಪುಣೆಯ ಪಾರ್ಸಿಗಳ ಕ್ಲಬ್ಬಿಗೆ ಮೊದಲು ಸೇರಿದ್ದು ನೆಲವನ್ನು ಗುಡಿಸಿ ಅಣಿಮಾಡುವ ಕೆಲಸಕ್ಕೆ. ಸಂಬಳ ತಿಂಗಳಿಗೆ ಮೂರು ರೂಪಾಯಿ. ಆಮೇಲೆ ಆತ ಭಾರತದ ಮೊದಲ ಮಹಾ ಬೌಲರ್ ಆದರು. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡದಲ್ಲಿ ನೂರಕ್ಕೂ ಮೀರಿ ವಿಕೆಟ್ಟುಗಳನ್ನು ಕಿತ್ತರು. ಆದರೂ ಪುಣೆಯ ಹಿಂದೂಗಳ ಪರವಾಗಿ ಆಡುವಾಗ ಅವರ ಚಹಾ ಪೆವಿಲಿಯನ್ನಿನ ಹೊರಗೆ, ಮಣ್ಣಿನ ಕುಡಿಕೆಯಲ್ಲಿ ಬರುತ್ತಿತ್ತು. ಒಟ್ಟಿಗೆ ಬೆವರು ಸುರಿಸಿದವರು ಒಟ್ಟಿಗೆ ಚಹಾ ಕುಡಿಯಲೊಲ್ಲರು! ನಾಯಕತ್ವ ಅವರಿಗೆ ವಿಧ್ಯುಕ್ತವಾಗಿ ಎಂದೂ ದಕ್ಕಲಿಲ್ಲ. 1920ರಲ್ಲಿ ತಮ್ಮಂದಿರು ಈ ಅವಮಾನವನ್ನು ಪ್ರತಿಭಟಿಸಿ ತಂಡದಿಂದ ಹಿಂದೆ ಸರಿದರು. 1923ರಲ್ಲಿ ತಮ್ಮ ವಿಠಲ ಹಿಂದೂ ತಂಡದ ನಾಯಕನಾದ. ಸರಳವಾದ, ಸದ್ದಿಲ್ಲದ ಪ್ರತಿಭಟನೆ. ಆದರೆ ಅದರ ಏಟು ಎಲ್ಲಿ ಬೀಳಬೇಕೋ ಅಲ್ಲಿಯೇ ಬಿತ್ತು.

ಅದೇ ಪುಸ್ತಕದಲ್ಲಿ ಇನ್ನೊಂದು ದೊಡ್ಡ ಪ್ರಸಂಗ ಮುಂಬಯಿಯ ಪಂಚಕೋನ ಪಂದ್ಯಾವಳಿಯದು. ಹಿಂದೂಗಳು, ಮುಸ್ಲಿಮರು, ಪಾರ್ಸಿಗಳು, ಯುರೋಪಿಯನ್ನರು, ಉಳಿದವರು, ಹೀಗೆ ಮತ ಮತಕ್ಕೊಂದು ತಂಡ. 1940ರ ಡಿಸೆಂಬರಿನಲ್ಲಿ ಹಿಂದೂ ಜಿಮಖಾನೆಯವರು ವಾರ್ಧಾಕ್ಕೆ ಹೋಗಿ ಗಾಂಧೀಜಿಯವರ ಅಭಿಪ್ರಾಯ ಕೇಳಿದರು. ಸತ್ಯಾಗ್ರಹಿಗಳು ಸೆರೆಮನೆಯಲ್ಲಿರುವಾಗ ಇಂಥ ಪಂದ್ಯ ಬೇಡವೆನ್ನುವವರ ಕಡೆಗೇ ತಮ್ಮ ಸಹಾನುಭೂತಿಯೆಂದೂ, ಆಟದ ಲೋಕದಲ್ಲಿ ಮತೀಯ ತಂಡಗಳಿಗೆ ಎಡೆಯಿರಬಾರದೆಂದೂ ಅವರು ಹೇಳಿದರು. ಹಿಂದೂ ತಂಡ ಆ ವರ್ಷ ಹಿಂದೆ ಸರಿಯಿತು. ಪಂದ್ಯಾವಳಿ ಮತ್ತೆ ಕೆಲವು ವರ್ಷ ಎಳೆದು 1946ರ ಹೊತ್ತಿಗೆ ನಿಂತುಹೋಯಿತು. ಆಟಕ್ಕೂ ರಾಜಕೀಯಕ್ಕೂ ನಂಟು ಕಟ್ಟಿದವರು ಪ್ರತಿಭಟಿಸಿದವರೆಂದು ದೂರುವವರು ಈ ಅಧ್ಯಾಯಗಳನ್ನು ಓದಬೇಕು. ಅಲ್ಲಿ ತಂಡದ ಹೆಸರಿನಲ್ಲಿಯೇ ರಾಜಕೀಯ ಕುಳಿತಿತ್ತು. ಪ್ರತಿಭಟಿಸಿದವರು ಅದನ್ನು ಎಬ್ಬಿಸಿ ತೋರಿಸಿದರು, ಅಷ್ಟೆ.

ಜೇಮ್ಸನ ಪುಸ್ತಕ ಇದಕ್ಕಿಂತ ಬಿಸಿಯಾದದ್ದು. ಆತ್ಮಕಥೆ, ಕಲಾಮೀಮಾಂಸೆ, ವಸಾಹತಿನ ಚರಿತ್ರೆ, ಹಳೆಯ ಆಟಗಾರರ ಚಿತ್ರಗಳು, ಎಲ್ಲವನ್ನೂ ಒಂದೇ ಹಂಡೆಯಲ್ಲಿ ಕುದಿಸಿದ ಪಾಕ. ವೆಸ್ಟ್ ಇಂಡೀಸಿನ ತಂಡಕ್ಕೆ ಫ್ರಾಂಕ್ ವೊರೆಲ್ ನಾಯಕನಾಗಬೇಕೆಂದು ಆತ ತನ್ನ ಸಂಪಾದಕತ್ವದ ‘ದಿ ನೇಷನ್’ ಪತ್ರಿಕೆಯಲ್ಲಿ ಹಟಹಿಡಿದು ಬರೆದ. 1960ರ ಜನವರಿ 30ರಂದು ಪೋರ್ಟ್ ಆಫ್ ಸ್ಪೇನಿನಲ್ಲಿ, ಇಂಗ್ಲೆಂಡಿನೆದುರಿನ ಟೆಸ್ಟಿನಲ್ಲಿ, ಊರಿನ ಹುಡುಗ ಚರಣ್ ಸಿಂಗ್ ರನ್ ಔಟ್ ಆದದ್ದೇ ನೆವವಾಗಿ ಜನ ಬಾಟಲಿಗಳನ್ನೆಸೆದರು. ಮರ್ಯಾದಸ್ಥರೆಲ್ಲ ಪುಂಡಾಟವೆಂದರು. ಜೇಮ್ಸ್ ಅದರ ಹಿಂದಿದ್ದ ಬಹುಕಾಲದ ಕಹಿಯನ್ನು ಓದಿದ. ಅದೇ ವರ್ಷ ಆಸ್ಟ್ರೇಲಿಯಕ್ಕೆ ಹೊರಟ ತಂಡಕ್ಕೆ ವೊರೆಲ್ ನಾಯಕನಾದ. ಇಡೀ ಒಂದು ಸರಣಿಗೆ ಆ ಪಟ್ಟ ಪಡೆದ ಮೊದಲ ಕಪ್ಪು ಆಟಗಾರ. ಇಂಗ್ಲಿಷ್ ಶಾಲೆಗಳ ಶಿಸ್ತಿನ ಬಗ್ಗೆ ಜೇಮ್ಸನಿಗಿರುವ ಭಕ್ತಿ ನನಗೆ ಕೊಂಚ ಅತಿಯೆನಿಸುತ್ತದೆ. ತನ್ನನ್ನು ಬಡಿದ ಕೋಲನ್ನು ಇಷ್ಟು ಪ್ರೀತಿಯಿಂದ ವರ್ಣಿಸಬೇಕಾಗಿರಲಿಲ್ಲ. ಗುಹಾ ಅವರಲ್ಲಿ ಅಂಥ ಆವೇಶವಿಲ್ಲ. ಹಳೆಯ ಪತ್ರಿಕೆಗಳನ್ನು ಜಾಲಾಡಿ ತಂದ ಸಾಮಗ್ರಿಯ ಸಂಪತ್ತು ಅವರದು. ಕೆಲವೆಡೆ ಆ ಸಂಪತ್ತೇ ಭಾರವಾಗಿ, ಉಪಕಥೆಗಳ ನಡುವೆ ವಾದದ ಎಳೆ ಮರೆಯಾಗುವುದುಂಟು. ಆದರೆ ಬಾಳೂ ಅವರನ್ನು ಮರವೆಯಿಂದ ಎತ್ತಿ ತಂದ ಒಂದೇ ಕೆಲಸಕ್ಕಾಗಿ ಆ ಪುಸ್ತಕಕ್ಕೆ ನಾವು ಋಣಿಗಳು.

ಈ ಪ್ರಸಂಗಗಳಲ್ಲೆಲ್ಲ ಸಮಾನವಾದ ಒಂದು ಅಂಶವಿದೆ. ಅನ್ಯಾಯ ಇದ್ದದ್ದು ಗೆರೆಯ ಒಳಗೆ. ಚಹಾದ ಕುಡಿಕೆ, ನಾಯಕನ ಪಟ್ಟ, ತಂಡದ ಹೆಸರು, ಇವೆಲ್ಲ ಆಟದ್ದೇ ಸಾಮಾನುಗಳು. ಆದ್ದರಿಂದ ಆಟವನ್ನು ತಡೆದು ನಿಲ್ಲಿಸಿದವನು ಸರಿಯಾದ ಬಾಗಿಲನ್ನೇ ತಟ್ಟಿದಂತಾಯಿತು. ಬಾಗಿಲ ಹಿಂದೆ ಇದ್ದವರು ಬೇರೆ ಮನೆಗೆ ಹೋಗಿ ಕೂರುವಂತಿರಲಿಲ್ಲ. ಈ ಅಳತೆಗೋಲನ್ನು ಹಿಡಿದು ಚೆಪಾಕಿಗೆ ಬರೋಣ.

2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕಾವೇರಿಯ ತೀರ್ಪು ಕೊಟ್ಟಿತು. 2007ರ ನ್ಯಾಯಮಂಡಳಿಯ ಐತೀರ್ಪಿನಲ್ಲಿ ಕರ್ನಾಟಕವು ಬಿಳಿಗುಂಡ್ಲುವಿನಲ್ಲಿ ಅಳೆದು ಕೊಡಬೇಕಾಗಿದ್ದ 192 ಟಿಎಂಸಿ 177.25ಕ್ಕೆ ಇಳಿಯಿತು, ಉಳಿದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದು ಹೆಸರು ಹಿಡಿದು ಕೊಟ್ಟದ್ದು. ತೀರ್ಪನ್ನು ಜಾರಿಮಾಡುವ ವ್ಯವಸ್ಥೆಯನ್ನು ಆರು ವಾರಗಳೊಳಗೆ ರಚಿಸಬೇಕೆಂದೂ ಹೇಳಿತ್ತು. ಆರು ವಾರ ಮಾರ್ಚಿ ಕೊನೆಗೆ ಮುಗಿಯಿತು, ಮಂಡಳಿ ಬರಲಿಲ್ಲ. ಕರ್ನಾಟಕದಲ್ಲಿ ಮೇ 12ಕ್ಕೆ ಚುನಾವಣೆ. ವಿಳಂಬಕ್ಕೂ ಚುನಾವಣೆಗೂ ಗಂಟು ಹಾಕಿ ತಮಿಳುನಾಡು ಕೆರಳಿತು. ಇದೇ ಸಮಯಕ್ಕೆ ಎರಡು ವರ್ಷಗಳ ನಿಷೇಧ ಕಳೆದು ಚೆನ್ನೈ ಸೂಪರ್ ಕಿಂಗ್ಸ್ ತಂಡ ಊರಿಗೆ ಹಿಂದಿರುಗಿತ್ತು. ಹೆಸರಿಗೆ ದೇಶದೊಳಗಿನ ಪಂದ್ಯಾವಳಿಯಾದರೂ ವೆಸ್ಟ್ ಇಂಡೀಸು, ಇಂಗ್ಲೆಂಡು, ಆಸ್ಟ್ರೇಲಿಯಗಳ ಆಟಗಾರರಿದ್ದು, ಲೋಕದ ಉದ್ದಗಲಕ್ಕೂ ಬಿತ್ತರವಾಗುವ ಜಾತ್ರೆ. ರೈತರು ಸಾಯುವಾಗ ಇದೇನು ಸಂಭ್ರಮ ಎಂಬ ಕೂಗು ಎದ್ದಿತು. ಚಲನಚಿತ್ರ ನಿರ್ದೇಶಕ ಭಾರತಿರಾಜಾ, ಕವಿ ವೈರಮುತ್ತು ಮೊದಲಾದವರು ಬೀದಿಗಿಳಿದರು. ನಾಲ್ಕು ಸಾವಿರದಷ್ಟು ಪೊಲೀಸರ ಕಾವಲಿನಲ್ಲಿ ಏಪ್ರಿಲ್ 10ರ ರಾತ್ರಿ ಕೊಲ್ಕತ್ತದೊಡನೆ ಪಂದ್ಯ ನಡೆಯಿತು. ಒಳಗೆ ಹೇಗೋ ಸೇರಿಕೊಂಡವರು ಗೆರೆಯ ಬಳಿಯಿದ್ದ ಆಟಗಾರರತ್ತ ಪಾದರಕ್ಷೆಗಳನ್ನೆಸೆದರು. ಮರುದಿನವೇ ಚೆನ್ನೈಗೆ ಉಳಿದಿದ್ದ ಆರು ಪಂದ್ಯಗಳೂ ಪುಣೆಗೆ ಹೊರಟುಹೋದವು.

ಆ ರಾತ್ರಿಯ ಒಂದು ಸ್ವಾರಸ್ಯವನ್ನು ಹೇಳದೆ ಬಿಡಲಾರೆ. ಕೊನೆಯ ಓವರಿನಲ್ಲಿ ಚೆನ್ನೈಗೆ 17 ಓಟಗಳು ಬೇಕಾಗಿದ್ದವು. ಕೊಲ್ಕತ್ತದ ಪರವಾಗಿ ಚೆಂಡು ಕೈಗೆ ತೆಗೆದುಕೊಂಡವರು ದಾವಣಗೆರೆಯ ವಿನಯ್ ಕುಮಾರ್. ಕಾವೇರಿಯ ಹೆಸರಿನಲ್ಲಿ ಹೊರಗೆ ಅಷ್ಟು ಕೋಲಾಹಲವಾದ ರಾತ್ರಿ, ಒಳಗೆ ಪಂದ್ಯದ ಹಣೆಬರಹ ಒಬ್ಬ ಕನ್ನಡಿಗನ ಕೈಯಲ್ಲಿತ್ತು. ಜಡೇಜ ಒಂದು ಸಿಕ್ಸರಿನಿಂದ ಅದನ್ನು ಮುಗಿಸಿದರು. ಆ ಚೆಂಡಿಗೆ ಮೇಲ್ದಂಡೆ ಕೆಳದಂಡೆಗಳ ನೆನಪು ಯಾರಿಗಾದರೂ ಬಂದಿರಬಹುದೆಂದು ನನಗೆ ತೋರುವುದಿಲ್ಲ. ಪ್ರತಿಭಟನೆ ಗೆರೆಯನ್ನು ದಾಟಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಪಾದರಕ್ಷೆ ದಾಟಿತು, ಅರ್ಥ ದಾಟಲಿಲ್ಲ.

ನಮ್ಮ ಅಲಂಕಾರಿಕರು ಸಾಧಾರಣೀಕರಣವೆಂಬ ಒಂದು ಒಳ್ಳೆಯ ಮಾತನ್ನು ಬಿಟ್ಟುಹೋಗಿದ್ದಾರೆ. ತೀ. ನಂ. ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಓದಿದವರಿಗೆ ಅದು ಹೊಸದಲ್ಲ. ರಂಗದ ಮೇಲಿನ ಒಬ್ಬನ ದುಃಖ ಅವನೊಬ್ಬನದಾಗಿ ಉಳಿಯದೆ ನೋಡುವವರೆಲ್ಲರ ಅನುಭವವಾಗುವುದು. ಪ್ರತಿಭಟನೆಯ ಗುರಿಯೂ ಬಹುಶಃ ಇದೇ. ಈ ದೃಷ್ಟಿಯಿಂದ, ಆ ವಾರ ರಜನೀಕಾಂತ್ ಅವರು ಕೊಟ್ಟ ಒಂದು ಸಲಹೆಯನ್ನು ಪರೀಕ್ಷಿಸಬಹುದು: ಚೆನ್ನೈ ತಂಡದವರು ಕಪ್ಪು ಪಟ್ಟಿ ಧರಿಸಿ ಆಡಲಿ ಎಂದು. ಸೌಮ್ಯವಾದ ಸಲಹೆಯೇ. ಆದರೆ ರಾಂಚಿಯವರೋ ಸೌರಾಷ್ಟ್ರದವರೋ ಟ್ರಿನಿಡಾಡಿನವರೋ ಆದ ಆಟಗಾರರ ತೋಳಿಗೆ ತಂಜಾವೂರಿನ ಸಂಕಟವನ್ನು ಕಟ್ಟಿದರೆ ಅದು ವೇಷವಾದೀತೇ ಹೊರತು ಭಾವವಾಗದು. ಇದರ ಎದುರಿಗೆ 2003ರ ವಿಶ್ವಕಪ್ಪನ್ನು ನೆನೆಯಿರಿ. ಫೆಬ್ರವರಿ 10ರಂದು ಹರಾರೆಯಲ್ಲಿ ಆಂಡಿ ಫ್ಲವರ್ ಮತ್ತು ಹೆನ್ರಿ ಒಲಾಂಗ ತಮ್ಮ ದೇಶದಲ್ಲಿ ಪ್ರಜಾಪ್ರಭುತ್ವ ಸತ್ತಿತೆಂದು ಶೋಕಸೂಚಕವಾಗಿ ಕಪ್ಪು ಪಟ್ಟಿ ತೊಟ್ಟರು. ಇಬ್ಬರೇ ಇಬ್ಬರು, ತಮ್ಮದೇ ತೋಳು, ತಮ್ಮದೇ ದೇಶ, ತಮ್ಮದೇ ಅಪಾಯ. ಇಬ್ಬರ ಅಂತರರಾಷ್ಟ್ರೀಯ ಆಟವೂ ಆ ಪಂದ್ಯಾವಳಿಗೇ ಮುಗಿಯಿತು; ಒಲಾಂಗ ಊರನ್ನೇ ಬಿಡಬೇಕಾಯಿತು. ಬಟ್ಟೆಯ ತುಂಡು ಒಂದೇ ಆದರೂ ಎರಡಕ್ಕೂ ಎಷ್ಟು ಅಂತರ!

ಹಾಗಾದರೆ ಚೆಪಾಕಿನವರು ಮಾಡಿದ್ದು ಕೇವಲ ಪುಂಡಾಟವೆ? ಹಾಗೆ ತೀರ್ಪು ಕೊಟ್ಟು ಎದ್ದು ಹೋಗುವುದು ಸುಲಭ. ಮೈದಾನಕ್ಕೆ ಬೇಕಾಗುವ ನೀರೆಷ್ಟು, ನಾಡಿನ ಗದ್ದೆಗಳಿಗೆ ಬೇಕಾಗುವುದೆಷ್ಟು ಎಂದು ಲೆಕ್ಕ ತೆಗೆದು ಅಣಕಿಸುವುದೂ ಅಷ್ಟೇ ಸುಲಭ. ಹುಲ್ಲಿಗೆ ಹೋಗುವ ನೀರು ಗದ್ದೆಯ ಲೆಕ್ಕದಲ್ಲಿ ಗಣನೆಗೆ ಬಾರದಷ್ಟು ಸ್ವಲ್ಪವೆಂಬುದು ಕೂಗಿದವರಿಗೂ ಗೊತ್ತಿತ್ತು. ಅವರಿಗೆ ಬೇಕಾಗಿದ್ದದ್ದು ಅಲ್ಲಿನ ಕಣ್ಣುಗಳು. ಕುರುವೈ ಬೆಳೆಯ ರೈತನ ಕಡೆ ತಿರುಗದ ಕ್ಯಾಮೆರಾಗಳು ಆ ರಾತ್ರಿ ಹೇಗೂ ತಿರುಗಿಕೊಂಡಿದ್ದವು. ಅವುಗಳ ಮುಂದೆ ಹೋಗಿ ನಿಂತರು. ಪ್ರೇಕ್ಷಕರನ್ನು ಎರವಲು ತಂದರು ಎನ್ನೋಣ. ಎರವಲಿನ ಒಡವೆಯನ್ನು ಒಡೆಯ ಹಿಂದಕ್ಕೆ ಕೇಳಿದ ಕೂಡಲೇ ಕಳಚಿ ಕೊಡಬೇಕಾಗುತ್ತದೆ. ಪಂದ್ಯಗಳು ಪುಣೆಗೆ ಹೋದವು, ಅವುಗಳ ಹಿಂದೆ ಕ್ಯಾಮೆರಾಗಳೂ ಹೋದವು. ಚೆನ್ನೈಯಿಂದ ಸುಮಾರು ಒಂದು ಸಾವಿರ ಅಭಿಮಾನಿಗಳನ್ನು ತುಂಬಿಕೊಂಡು ಒಂದು ವಿಶೇಷ ರೈಲು ಏಪ್ರಿಲ್ 19ರಂದು ಪುಣೆಗೆ ಹೊರಟಿತು. ಪ್ರತಿಭಟನೆ ಗೆದ್ದಿತು, ಗೆದ್ದ ಗಳಿಗೆಯಲ್ಲೇ ಅದರ ಮುಂದಿನ ಸಾಲಿನ ಕುರ್ಚಿಗಳು ಖಾಲಿಯಾದವು.

ಆಟಕ್ಕೆ ಇನ್ನೊಂದು ಊರು ಸದಾ ಇರುತ್ತದೆ. ಪುಣೆಯಲ್ಲಿ ಏನಾಯಿತೆಂದು ಕೇಳಿ: ಏಪ್ರಿಲ್ 18ರಂದೇ ಮುಂಬಯಿ ಹೈಕೋರ್ಟು, ಪವನಾ ನದಿಯ ನೀರನ್ನು ಮೈದಾನಕ್ಕೆ ಬಳಸಕೂಡದೆಂದು ಅಲ್ಲಿಯ ಕ್ರಿಕೆಟ್ ಸಂಸ್ಥೆಯನ್ನು ತಡೆಯಿತು. ಕಾವೇರಿಯಿಂದ ಓಡಿದ ಆಟಕ್ಕೆ ಪವನೆ ಎದುರಾದಳು. ಇದಕ್ಕೆ ಎರಡು ವರ್ಷ ಹಿಂದೆ, 2016ರಲ್ಲಿ, ಮಹಾರಾಷ್ಟ್ರದಲ್ಲಿ ಭೀಕರ ಬರ. ಏಪ್ರಿಲ್ 30ರ ನಂತರದ ಪಂದ್ಯಗಳು ಆ ರಾಜ್ಯದಲ್ಲಿ ನಡೆಯಕೂಡದೆಂದು ಅದೇ ಹೈಕೋರ್ಟು ಆಜ್ಞೆ ಮಾಡಿತ್ತು. ಮುಂಬಯಿಯಲ್ಲಿ ಆಗಬೇಕಾಗಿದ್ದ ಅಂತಿಮ ಪಂದ್ಯ ಎಲ್ಲಿ ಆಯಿತು? ಮೇ 29ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಬೆಂಗಳೂರಿನ ತಂಡ 8 ಓಟಗಳಿಂದ ಸೋತಿತೆಂಬುದು ನಮಗೆಲ್ಲ ಕಂಠಪಾಠವಾಗಿದೆ. ಬರದಿಂದ ಓಡಿಬಂದ ಆಟಕ್ಕೆ ಆಶ್ರಯ ಕೊಟ್ಟ ಕರ್ನಾಟಕವೂ ಆಗ ಬರದಲ್ಲೇ ಇತ್ತೆಂಬುದು, ಅದೇ ಸೆಪ್ಟೆಂಬರಿನಲ್ಲಿ ಕಾವೇರಿಗಾಗಿ ಬೆಂಗಳೂರು ಹೊತ್ತಿ ಉರಿಯಿತೆಂಬುದು ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಪಾಂಡವಪುರದ ರೈತ ತನ್ನ ಎರಡು ಎಕರೆಯನ್ನು ಸುತ್ತಿಕೊಂಡು ಪುಣೆಯ ರೈಲು ಹತ್ತುವಂತಿಲ್ಲ. ಜೇಮ್ಸನ ವಾದವಾಗಲಿ ಗುಹಾ ಅವರ ವಾದವಾಗಲಿ ನಮ್ಮ ನಾಲ್ಕು ತಾಲ್ಲೂಕಿಗೆ ಬರುವಾಗ ಎಡವುವುದು ಈ ಕಲ್ಲಿನ ಮೇಲೆ. ಸಮಾಜದ ಗುಟ್ಟುಗಳೆಲ್ಲ ಆಟದಂಗಣದಲ್ಲಿ ಹೊರಬೀಳುತ್ತವೆಂದು ಇಬ್ಬರೂ ನಂಬುತ್ತಾರೆ. ಒಳಗೆ ಬರಲು ಹೋರಾಡಿದವರ ವಿಷಯದಲ್ಲಿ ಅದು ಸತ್ಯ. ಒಳಗೆ ಬರುವ ಆಸೆಯನ್ನೇ ಇಟ್ಟುಕೊಳ್ಳದೆ ಹೊರಗೆ ನಿಂತು ನೀರು ಕೇಳುವವನು ಈ ಪುಸ್ತಕಗಳ ಕೇಂದ್ರದಲ್ಲಿಲ್ಲ. ಬಾಳೂ ನೆಲ ಗುಡಿಸಿದ ಕಥೆ ಇದೆ; ಆ ನೆಲಕ್ಕೆ ನೀರು ಬಂದ ದಾರಿಯ ಕಥೆ ಇಲ್ಲ.

ಈ ಮಾತನ್ನು ಮುಂದುವರಿಸುವ ಮುನ್ನ ಒಬ್ಬರನ್ನು ನೆನೆಯಬೇಕು. ಪಾಂಡವಪುರ ತಾಲ್ಲೂಕಿನ ಕ್ಯಾತನಹಳ್ಳಿಯ ಕೆ. ಎಸ್. ಪುಟ್ಟಣ್ಣಯ್ಯನವರು ರೈತಸಂಘದ ನಾಯಕರು. 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ವಿಧಾನಸಭೆಗೆ ಹೋದವರು. ಅವರ ಭಾಷಣವನ್ನು ಕೇಳಿದವರಿಗೆ ಅದರ ರುಚಿ ಗೊತ್ತು. ಸದನದಲ್ಲಿ ನಿಂತರೂ ಹೊಲದ ಬದುವಿನ ಮೇಲೆ ಕುಳಿತಂತೆ ಮಾತು. ಅಂಕಿಯನ್ನು ಹೇಳಿದರೆ ಅದರ ಹಿಂದೆ ಒಂದು ಕೊಟ್ಟಿಗೆಯೋ ಒಂದು ಸಾಲವೋ ಕಾಣುತ್ತಿತ್ತು. ಸಿಟ್ಟು ಬಂದಾಗಲೂ ಹಾಸ್ಯ ಬಿಟ್ಟುಹೋಗುತ್ತಿರಲಿಲ್ಲ. ಸುಪ್ರೀಂ ಕೋರ್ಟಿನ ತೀರ್ಪು ಬಂದ ಎರಡು ದಿನಗಳ ಮೇಲೆ, 2018ರ ಫೆಬ್ರವರಿ 18ರ ಭಾನುವಾರ ರಾತ್ರಿ, ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಕಬಡ್ಡಿ ಪಂದ್ಯ ನೋಡುತ್ತಿರುವಾಗ ಹೃದಯಾಘಾತವಾಗಿ ತೀರಿಕೊಂಡರು. ಜೀವಮಾನವೆಲ್ಲ ಪ್ರತಿಭಟನೆಯಲ್ಲಿ ಕಳೆದವರು ಕೊನೆಯ ಗಳಿಗೆಯಲ್ಲಿ ಇದ್ದದ್ದು ಆಟದ ಪ್ರೇಕ್ಷಕರ ನಡುವೆ. ಇದರಲ್ಲಿ ವಿರೋಧಾಭಾಸವನ್ನು ಹುಡುಕುವವರು ಹುಡುಕಲಿ, ನನಗೆ ಕಾಣಿಸದು. ಅಲ್ಲಿ ಗೋಡೆಯ ಒಳಗೂ ಹೊರಗೂ ಇರುವವರು ಒಂದೇ ಊರಿನವರು. ಹಗಲು ರಸ್ತೆಯಲ್ಲಿ ಕೂತವನೇ ರಾತ್ರಿ ಕಬಡ್ಡಿಯ ಕಣದ ಪಕ್ಕದಲ್ಲಿ ಕೂರುತ್ತಾನೆ. ಏಳು ವಾರಗಳ ನಂತರ ಚೆಪಾಕಿನಲ್ಲಿ ಕಂಡ ಒಡಕು, ಆಟ ನೋಡುವವನೊಬ್ಬ, ನೀರು ಕೇಳುವವನೊಬ್ಬ ಎಂಬ ಒಡಕು, ದೊಡ್ಡ ನಗರದ್ದು, ದೊಡ್ಡ ದುಡ್ಡಿನದು.

ಇನ್ನು ಪ್ರತಿಭಟನೆಯ ಭಾಷೆ. ಎರಡೂ ದಂಡೆಗಳಲ್ಲಿ ಕಾವೇರಿ ತಾಯಿ. ಈ ರೂಪಕ ಎಷ್ಟು ಹಳೆಯದೋ ಅಷ್ಟು ಕೆಲಸಗೇಡಿ. ತಾಯಿಯೆಂದ ಮೇಲೆ ಅಳೆಯುವುದು ಪಾಪವಾಗುತ್ತದೆ. ತಾಯಿಯ ಹಾಲನ್ನು ಯಾರು ಸೇರಿನಲ್ಲಿ ಅಳೆದಾರು? ಆದರೆ ವ್ಯಾಜ್ಯವೆಲ್ಲ ಅಳತೆಯದೇ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ; ಅದು ಮೊತ್ತ. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅದು ವೇಗ. 2023ರ ಸೆಪ್ಟೆಂಬರಿನಲ್ಲಿ ಹದಿನೈದು ದಿನ ಐದು ಸಾವಿರ ಕ್ಯೂಸೆಕ್ ಬಿಡಬೇಕೆಂದು ಆದೇಶವಾದಾಗ, ಗುಣಿಸಿ ನೋಡಿದರೆ ಅದು ಸುಮಾರು ಆರೂವರೆ ಟಿಎಂಸಿ. ಇಷ್ಟನ್ನು ಒಂದು ಚೀಟಿಯ ಹಿಂಬದಿಯಲ್ಲಿ ಬರೆದುಕೊಳ್ಳಬಹುದು. ಆದರೂ ನಮ್ಮ ಭಾಷಣಗಳಲ್ಲಿ, ನಮ್ಮ ಕವಿಗೋಷ್ಠಿಗಳಲ್ಲಿ ತಾಯಿಯ ಕಣ್ಣೀರು ಹರಿದಷ್ಟು ಈ ಲೆಕ್ಕ ಹರಿಯುವುದಿಲ್ಲ. ಕಿಕ್ಕೇರಿಯ ನರಸಿಂಹಸ್ವಾಮಿಯವರನ್ನೂ ಅಕ್ಕಿಹೆಬ್ಬಾಳಿನ ಮೂರ್ತಿರಾಯರನ್ನೂ ಕೊಟ್ಟ ಕೃಷ್ಣರಾಜಪೇಟೆ, ಮೇಲುಕೋಟೆಯ ಪು.ತಿ.ನ. ಅವರನ್ನು ಕೊಟ್ಟ ಪಾಂಡವಪುರ, ಭಾಷೆಯ ಹದವನ್ನು ಅರಿಯದ ಸೀಮೆಗಳೆಂದು ಯಾರೂ ಹೇಳಲಾರರು. ಮೂರ್ತಿರಾಯರ ಪ್ರಬಂಧಗಳಲ್ಲಿರುವ ತಿಳಿಯಾದ, ಕೂಗದ, ಎದುರಿನವನನ್ನು ಕೂರಿಸಿ ಮಾತಾಡುವ ಗದ್ಯವೇ ಈ ವಿಷಯಕ್ಕೆ ಬೇಕಾಗಿರುವುದು.

ತಾಯಿಯೆಂಬ ಒಂದೇ ಪದ ಮುಚ್ಚಿಡುವ ಇನ್ನೊಂದು ಸಂಗತಿಯಿದೆ. ಈ ನಾಲ್ಕು ತಾಲ್ಲೂಕುಗಳ ಸ್ಥಿತಿ ಒಂದೇ ಅಲ್ಲ. 1991, 2002, 2012, 2016, 2023, ಯಾವ ವರ್ಷದ ಚಳವಳಿಯನ್ನೇ ತೆಗೆದುಕೊಳ್ಳಿ, ಪತ್ರಿಕೆಯ ಮುಖಪುಟದ ಚಿತ್ರಗಳಲ್ಲಿ ಶ್ರೀರಂಗಪಟ್ಟಣ ಇರುತ್ತದೆ. ಬೆಂಗಳೂರು-ಮೈಸೂರು ಹೆದ್ದಾರಿ ಆ ಊರನ್ನು ಹಾದುಹೋಗುವುದರಿಂದ ಅಲ್ಲಿ ಒಂದು ಗಂಟೆ ರಸ್ತೆ ತಡೆದರೆ ಎರಡು ನಗರಗಳಿಗೂ ಬಿಸಿ ತಟ್ಟುತ್ತದೆ. ಅದೂ ಎರವಲು ಪ್ರೇಕ್ಷಕರೇ. ಕಾರಿನಲ್ಲಿ ಕುಳಿತು ಗಡಿಯಾರ ನೋಡುವವರು. ನಾಗಮಂಗಲದ ಯಾವುದೋ ಹಳ್ಳಿಯ ಕೊನೆಯ ತೂಬಿನಲ್ಲಿ ನೀರು ಬಾರದಿದ್ದರೆ ತಡೆಯುವುದಕ್ಕೆ ಅಂಥ ರಸ್ತೆ ಎಲ್ಲಿದೆ? ನಾಲೆಯ ತುದಿಯ ಆ ರೈತನಿಗೂ ತಂಜಾವೂರಿನ ನಾಲೆಯ ತುದಿಯ ರೈತನಿಗೂ ಇರುವ ಹೋಲಿಕೆ, ಅವನಿಗೂ ನಮ್ಮಂಥ ಬೆಂಗಳೂರಿನವರಿಗೂ ಇರುವ ಹೋಲಿಕೆಗಿಂತ ಹತ್ತಿರದ್ದೆಂದರೆ ಕೆಲವರು ಸಿಟ್ಟಾಗುತ್ತಾರೆ. ಬೆಂಗಳೂರು ನೂರು ಕಿಲೋಮೀಟರಿನಷ್ಟು ದೂರದಿಂದ ಕಾವೇರಿಯನ್ನು ಎತ್ತಿ ತಂದು ಕುಡಿಯುತ್ತದೆ. ಚೆನ್ನೈಗೂ ವೀರಾಣಂ ಕೆರೆಯ ಮೂಲಕ ಕಾವೇರಿಯ ನೀರು ಬರುತ್ತದೆ. ಪಂದ್ಯ ನಡೆಸುವ ಎರಡು ನಗರಗಳೂ ಒಂದೇ ಹೊಳೆಯನ್ನು ಕುಡಿದು, ಹೊಳೆಯ ಜಗಳವನ್ನು ಹಳ್ಳಿಗರ ಜಗಳವೆಂದು ಟಿವಿಯಲ್ಲಿ ನೋಡುತ್ತವೆ.

2018ರ ಕಥೆ ಹೇಗೆ ಮುಗಿಯಿತೆಂಬುದನ್ನು ಹೇಳಿಬಿಡಬೇಕು. ಮೇ 27ರಂದು ಪಂದ್ಯಾವಳಿ ಮುಗಿದು ಚೆನ್ನೈ ತಂಡವೇ ಗೆದ್ದಿತು. ಐದು ದಿನಗಳ ಮೇಲೆ, ಜೂನ್ 1ರಂದು, ಕೇಂದ್ರ ಸರ್ಕಾರ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರವನ್ನು ರಚಿಸಿತು. ಅದಕ್ಕೆ ಕಾರಣ ಕೋರ್ಟಿನ ಒತ್ತಾಯವೂ ಕರ್ನಾಟಕದ ಚುನಾವಣೆ ಮುಗಿದದ್ದೂ ಇರಬೇಕು. ಚೆಪಾಕಿನ ರಾತ್ರಿಗೆ ಅದರಲ್ಲಿ ಪಾಲಿತ್ತೆಂದು ಸಾಧಿಸುವುದು ಕಷ್ಟ. ಜುಲೈ ಬಂತು, ಕೊಡಗಿನಲ್ಲಿ ಮಳೆ ಸುರಿಯಿತು, ಕನ್ನಂಬಾಡಿ 124.80 ಅಡಿ ತುಂಬಿ ಹೆಚ್ಚುವರಿ ನೀರು ಯಾರ ಅಪ್ಪಣೆಯನ್ನೂ ಕೇಳದೆ ಕೆಳಗೆ ಹರಿಯಿತು. ಮಾತುಗಳೆಲ್ಲ ತೊಯ್ದು ತಣ್ಣಗಾದವು. ಯಾವ ವರ್ಷ ಮಳೆ ಕೈಕೊಡುತ್ತದೋ ಆ ವರ್ಷಕ್ಕೆಂದೇ ಸಂಕಷ್ಟದ ಸೂತ್ರವೊಂದನ್ನು ಎರಡು ರಾಜ್ಯಗಳೂ ಕೂತು ಒಪ್ಪಿಕೊಳ್ಳುವ ಕೆಲಸ ಮಾತ್ರ, ಮಳೆ ಬಂದಾಗಲೆಲ್ಲ ಆಗುವಂತೆ, ಮುಂದಕ್ಕೆ ಹೋಯಿತು.

2023ರಲ್ಲಿ ಆ ವರ್ಷ ಬಂತು. ಸೆಪ್ಟೆಂಬರ್ 23ರಂದು ಮಂಡ್ಯ ಬಂದ್, 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್. ಅಕ್ಟೋಬರ್ 5ರಂದು ಭಾರತದಲ್ಲಿ ವಿಶ್ವಕಪ್ ಕ್ರಿಕೆಟ್ ಆರಂಭವಾಯಿತು. ಅಕ್ಟೋಬರ್ 8ರಂದು ಅದೇ ಚೆಪಾಕಿನಲ್ಲಿ ಆಸ್ಟ್ರೇಲಿಯದ ಎದುರು ಎರಡು ಓಟಕ್ಕೆ ಮೂರು ವಿಕೆಟ್ ಕಳೆದುಕೊಂಡ ಭಾರತವನ್ನು ವಿರಾಟ್ ಕೊಹ್ಲಿಯೂ ಕನ್ನಡಿಗ ಕೆ. ಎಲ್. ರಾಹುಲರೂ ಎತ್ತಿ ನಿಲ್ಲಿಸಿದರು. ರಾಹುಲ್ ಔಟಾಗದೆ 97. ಒಂಬತ್ತು ದಿನಗಳ ಹಿಂದೆ ಬಂದ್ ಆಚರಿಸಿದ ನಾಡಿನ ಹುಡುಗನಿಗೆ ಚೆನ್ನೈ ಎದ್ದು ನಿಂತು ಚಪ್ಪಾಳೆ ತಟ್ಟಿತು. ನೋಡಿ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಮಳೆಗಾಲದ ತಿಂಗಳುಗಳಲ್ಲಿ ನಮ್ಮ ದಿನಪತ್ರಿಕೆಗಳು ಜಲಾಶಯಗಳ ಮಟ್ಟವನ್ನು ಒಂದು ಪುಟ್ಟ ಚೌಕದಲ್ಲಿ ಅಚ್ಚುಹಾಕುತ್ತವೆ. ಕ್ರೀಡಾಪುಟಕ್ಕೂ ಅದಕ್ಕೂ ನಡುವೆ ಕೆಲವೇ ಪುಟಗಳ ಅಂತರ. ಶ್ರೀರಂಗಪಟ್ಟಣ, ಪಾಂಡವಪುರಗಳ ಮನೆಗಳಲ್ಲಿ ಓದುವವರ ಕಣ್ಣು ಮೊದಲು ಹೋಗುವುದು ಆ ಚೌಕದ ಕಡೆಗೆ. ಆ ಅಕ್ಟೋಬರಿನಲ್ಲಿ ಅಲ್ಲಿದ್ದ ಅಂಕಿ 124.80ಕ್ಕೆ ಬಹಳ ಕೆಳಗಿತ್ತು.